ಜೀವವಿಕಾಸದ ಪಾಠವನ್ನು ಬಿಟ್ಟುಬಿಟ್ಟ ನಮ್ಮ ಶಾಲೆಯ ಆಡಳಿತ ಮಂಡಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಆಡಳಿತ ಮಂಡಳಿಯ ಸರ್ವ ಸದಸ್ಯರು,
ಹಾಗೂ ಮಾನ್ಯ ಮುಖ್ಯೋಪಾಧ್ಯಾಯರು,
ನಮ್ಮ ಕನ್ನಡ ಮಾಧ್ಯಮ ಪ್ರೌಢಶಾಲೆ, ಮುಂಬಯಿ.

ವಿಷಯ: ಹತ್ತನೆಯ ತರಗತಿಯಲ್ಲಿ ಜೀವವಿಕಾಸದ ಪಾಠವನ್ನು ಬೋಧಿಸದೆ ಬಿಟ್ಟಿರುವುದು ಮತ್ತು ವಿಜ್ಞಾನ ಪ್ರದರ್ಶನದಿಂದ ವಿದ್ಯಾರ್ಥಿನಿಯರ ಮಾದರಿಯನ್ನು ತೆಗೆಸಿರುವುದು.

ಮಾನ್ಯರೇ,

ಇದೇ ವಿಷಯವಾಗಿ ಬರೆದ ಮನವಿಯೊಂದನ್ನು ಕಳೆದ ತಿಂಗಳು ತಮ್ಮ ಕಚೇರಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡಿದ್ದೆ. ಉತ್ತರ ಬರಲಿಲ್ಲ. ಪಾಲಕರ ಸಭೆಯಲ್ಲಿ ಕೇಳಿದಾಗ ‘ಇದು ಇಲ್ಲಿ ಚರ್ಚಿಸುವ ವಿಷಯವಲ್ಲ’ ಎಂದರು. ಮತ್ತೆಲ್ಲಿ ಚರ್ಚಿಸಬೇಕೆಂಬುದನ್ನು ಯಾರೂ ಹೇಳದ ಕಾರಣ ಈಗ ಬಹಿರಂಗವಾಗಿ ಬರೆಯುತ್ತಿದ್ದೇನೆ. ಶಾಲೆಯ ಹೆಸರನ್ನು ಬೇಕೆಂದೇ ಹಾಕಿಲ್ಲ. ಮುಂಬಯಿಯಲ್ಲಿ ಕನ್ನಡ ಮಾಧ್ಯಮಕ್ಕೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರಬೇಕಾದ ಕಾಲವಿದು. ಶಾಲೆಗೆ ಕೆಟ್ಟ ಹೆಸರು ತರುವುದು ನನ್ನ ಉದ್ದೇಶವಲ್ಲ, ತಿಳಿಯಬೇಕಾದವರಿಗೆ ತಿಳಿದರೆ ಸಾಕು.

ನನ್ನ ಪರಿಚಯ ಇಷ್ಟು. ಹಗಲು ಹೋಟೆಲಿನಲ್ಲಿ ದುಡಿಯುತ್ತ ಇದೇ ಸಂಸ್ಥೆಯ ರಾತ್ರಿ ಶಾಲೆಯಲ್ಲಿ ಕಲಿತು, ಮುಂದೆ ಪ್ರಯೋಗಾಲಯದ ತಂತ್ರಜ್ಞನಾಗಿ, ಸೇವೆಯ ಹೆಚ್ಚಿನ ಭಾಗವನ್ನು ಕ್ಷಯರೋಗಿಗಳ ಕಫ ಪರೀಕ್ಷೆಯಲ್ಲೇ ಕಳೆದು ನಿವೃತ್ತನಾದವನು ನಾನು. ನನ್ನ ಮೊಮ್ಮಗಳು ಈ ವರ್ಷ ಹತ್ತನೆಯ ತರಗತಿಯಲ್ಲಿದ್ದಾಳೆ. ಹಾಗಾಗಿ ಹಳೆ ವಿದ್ಯಾರ್ಥಿಯಾಗಿಯೂ ಪಾಲಕನಾಗಿಯೂ ಎರಡು ಮಾತು ಕೇಳುವ ಹಕ್ಕು ನನಗಿದೆಯೆಂದು ನಂಬಿದ್ದೇನೆ.

ನಾನು ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ಮಹಾರಾಷ್ಟ್ರ ರಾಜ್ಯ ಮಂಡಳಿಯ ಹತ್ತನೆಯ ತರಗತಿಯ ವಿಜ್ಞಾನ ಮತ್ತು ತಂತ್ರಜ್ಞಾನ ಪುಸ್ತಕದ ಎರಡನೆಯ ಭಾಗ ಆರಂಭವಾಗುವುದೇ ಅನುವಂಶೀಯತೆ ಮತ್ತು ಜೀವವಿಕಾಸದ ಪಾಠದಿಂದ. ಪುಣೆಯ ಬಾಲಭಾರತಿ ಸಂಸ್ಥೆ ಇದನ್ನು ಮರಾಠಿಯ ಜೊತೆಗೆ ಕನ್ನಡದಲ್ಲೂ ಅಚ್ಚುಹಾಕಿಸಿ ಕೊಡುತ್ತದೆ. ಪಳೆಯುಳಿಕೆಗಳು, ಬಳಕೆ ತಪ್ಪಿದ ಅಂಗಗಳು, ಭ್ರೂಣಗಳ ಹೋಲಿಕೆ, ಡಾರ್ವಿನ್ನರ ನೈಸರ್ಗಿಕ ಆಯ್ಕೆ, ಮಾನವನ ವಿಕಾಸ, ಎಲ್ಲವೂ ಅದರಲ್ಲಿವೆ. ಮೊಮ್ಮಗಳ ನೋಟುಬುಕ್ಕಿನಲ್ಲಿ ಅನುವಂಶೀಯತೆಯ ಭಾಗ ಮುಗಿಯುತ್ತಿದ್ದಂತೆ ಪುಟ ತಿರುವಿದರೆ ಎರಡನೆಯ ಪಾಠ. ನಡುವೆ ಇರುವುದು ಗೈಡಿನಿಂದ ಇಳಿಸಿಕೊಂಡ ಐದಾರು ಪ್ರಶ್ನೋತ್ತರ ಮಾತ್ರ. ‘ಪರೀಕ್ಷೆಗೆ ಇಷ್ಟು ಬರೆದರೆ ಸಾಕು, ನಂಬಲೇಬೇಕೆಂದೇನೂ ಇಲ್ಲ’ ಎಂದು ತರಗತಿಯಲ್ಲಿ ಹೇಳಿದ್ದಾರೆಂದು ಒಬ್ಬಳಲ್ಲ, ವಿಚಾರಿಸಿದ ಮಕ್ಕಳೆಲ್ಲ ಒಂದೇ ಮಾತಿನಲ್ಲಿ ಹೇಳಿದರು. ಇಡೀ ಪ್ರೌಢಶಾಲೆಗೆ ಒಬ್ಬರೇ ವಿಜ್ಞಾನ ಶಿಕ್ಷಕಿ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೇಲಿನಿಂದ ಬಂದ ಸೂಚನೆಯನ್ನು ಅವರು ಪಾಲಿಸಿದ್ದಾರೆ ಅಷ್ಟೆ.

ಇನ್ನು ನವೆಂಬರಿನ ವಿಜ್ಞಾನ ಪ್ರದರ್ಶನ. ಮೂವರು ವಿದ್ಯಾರ್ಥಿನಿಯರು ಹಳೆಯ ಕೊಡೆಯೊಂದರ ಕಪ್ಪು ಬಟ್ಟೆಯನ್ನು ಮೇಜಿಗೆ ಹಾಸಿ, ಅದರ ಮೇಲೆ ಸಿಪ್ಪೆ ತೆಗೆಯದ ಉದ್ದು ಐವತ್ತು ಕಾಳು, ಹೆಸರು ಐವತ್ತು ಕಾಳು ಬೆರೆಸಿ ಹರಡಿದ್ದರು (ನನ್ನ ಮೊಮ್ಮಗಳು ಆ ಮೂವರಲ್ಲಿ ಇರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ). ನೋಡಲು ಬಂದವರು ಹಕ್ಕಿಯಾಗಬೇಕು. ಅರ್ಧ ನಿಮಿಷದಲ್ಲಿ ಎರಡೇ ಬೆರಳಿನಿಂದ ಒಂದೊಂದಾಗಿ ಸಾಧ್ಯವಾದಷ್ಟು ಕಾಳು ಹೆಕ್ಕಬೇಕು. ಬಳಿಕ ಆ ಹುಡುಗಿಯರು ಬಟ್ಟೆಯ ಮೇಲೆ ಉಳಿದ ಉದ್ದು ಹೆಸರುಗಳನ್ನು ಎಣಿಸಿ, ಅದೇ ಪ್ರಮಾಣದಲ್ಲಿ ಡಬ್ಬಿಯಿಂದ ಹೊಸ ಕಾಳು ಸೇರಿಸಿ ಮತ್ತೆ ನೂರು ಮಾಡುತ್ತಿದ್ದರು. ಹೊಸವು ಉಳಿದವುಗಳ ಮರಿಗಳು ಎಂದು ಲೆಕ್ಕ. ನಾನೂ ಹೆಕ್ಕಿದೆ. ಅಂಗೈ ಬಿಚ್ಚಿ ನೋಡಿದರೆ ಹೆಚ್ಚಿನದೆಲ್ಲ ಹೆಸರೇ. ನಾಲ್ಕೈದು ‘ಹಕ್ಕಿಗಳು’ ಬಂದು ಹೋಗುವಷ್ಟರಲ್ಲಿ ಕಪ್ಪು ಬಟ್ಟೆಯ ಮೇಲೆ ಹೆಸರುಕಾಳನ್ನು ಹುಡುಕಬೇಕಾಗಿತ್ತು. ಆಗ ಆ ಹುಡುಗಿಯರು ಕಪ್ಪು ಬಟ್ಟೆ ಮಡಿಚಿಟ್ಟು ಹಸಿರು ರವಿಕೆ ಬಟ್ಟೆ ಹಾಸಿ, ಮೊದಲಿನಿಂದ ಅದೇ ಆಟ ಆಡಿಸಿದರು. ಈ ಬಾರಿ ತೀರಿಹೋದದ್ದು ಉದ್ದು.

ಮಾನ್ಯರೇ, ನೈಸರ್ಗಿಕ ಆಯ್ಕೆಯ ತಿರುಳು ಆ ಮೇಜಿನ ಮೇಲಿತ್ತು. ಒಂದೇ ಗುಂಪಿನ ಜೀವಿಗಳಲ್ಲಿ ವ್ಯತ್ಯಾಸಗಳಿರುತ್ತವೆ. ಆ ವ್ಯತ್ಯಾಸಗಳಲ್ಲಿ ಕೆಲವು ಮರಿಗಳಿಗೂ ದಾಟುತ್ತವೆ. ಇರುವ ಪರಿಸರದಲ್ಲಿ ಯಾವ ಗುಣವುಳ್ಳವು ಹೆಚ್ಚು ಉಳಿದು ಹೆಚ್ಚು ಮರಿ ಹಾಕುತ್ತವೆಯೋ ಆ ಗುಣ ತಲೆಮಾರಿನಿಂದ ತಲೆಮಾರಿಗೆ ಗುಂಪಿನಲ್ಲಿ ಹರಡುತ್ತದೆ. ಉದ್ದು ಕಪ್ಪಾಗಬೇಕೆಂದು ಪ್ರಯತ್ನಪಟ್ಟಿರಲಿಲ್ಲ, ಮೊದಲೇ ಕಪ್ಪಾಗಿತ್ತು. ಅದು ಹೆಸರಿಗಿಂತ ಮೇಲಿನದೂ ಅಲ್ಲ, ಬಟ್ಟೆ ಬದಲಾದರೆ ಅದರ ಅನುಕೂಲವೂ ಹೋಯಿತು. ಬಲಶಾಲಿಗಷ್ಟೇ ಉಳಿಗಾಲ ಎಂದು ಡಾರ್ವಿನ್ನರ ಹೆಸರಿನಲ್ಲಿ ಮಾತನಾಡುವ ವಿದ್ಯಾವಂತರಿಗೂ ಅರ್ಥವಾಗದ ಸೂಕ್ಷ್ಮವನ್ನು ಹದಿನೈದು ವರ್ಷದ ಮಕ್ಕಳು ಅಡುಗೆಮನೆಯ ಡಬ್ಬಿಯಿಂದ ತೆಗೆದು ತೋರಿಸಿದ್ದರು. ಆದರೆ ಮುಖ್ಯ ಅತಿಥಿಗಳು ಬರುವ ಹೊತ್ತಿಗೆ ಆ ಮೇಜು ಖಾಲಿಯಾಗಿತ್ತು. ಹಿಂದಿನ ಗೋಡೆಗೆ ಅಂಟಿಸಿದ್ದ ಡಾರ್ವಿನ್ನರ ಚಿತ್ರ ‘ವಿವಾದಕ್ಕೆ ಕಾರಣವಾಗಬಹುದು’ ಎಂದು ಮಂಡಳಿಯ ಹಿರಿಯರೊಬ್ಬರು ತೆಗೆಸಿದರಂತೆ. ಚಿತ್ರದ ಜೊತೆಗೆ ಕಾಳುಗಳೂ ಹೋದವು. ಬಹುಮಾನದ ಮಾತು ಬಿಡಿ, ಆ ಮೂವರಿಗೆ ಭಾಗವಹಿಸಿದ ಪ್ರಮಾಣಪತ್ರವೂ ಸಿಕ್ಕಿಲ್ಲ.

ಅನಂತರ ಅತಿಥಿಗಳ ಭಾಷಣ. ಕೋತಿ ಮನುಷ್ಯನಾದದ್ದನ್ನು ಯಾರೂ ನೋಡಿಲ್ಲ, ಕಾರ್ಬನ್ ಪರೀಕ್ಷೆಯ ಕಾಲನಿರ್ಣಯವೆಲ್ಲ ಸುಳ್ಳು, ನಮ್ಮ ದಶಾವತಾರದಲ್ಲೇ ಎಲ್ಲ ಇರುವಾಗ ಪರದೇಶದವರ ವಾದ ನಮಗೇಕೆ ಎಂದು ಅವರು ಮೂರು ಮಾತು ಹೇಳಿದರು, ಸಭೆ ಚಪ್ಪಾಳೆ ತಟ್ಟಿತು, ಮಕ್ಕಳಿಗೆ ಪ್ರಶ್ನೆ ಕೇಳುವ ಅವಕಾಶವಿರಲಿಲ್ಲ. ಆ ಮೂರಕ್ಕೂ ಉತ್ತರ ಕೊಡದೆ ಬಿಡುವುದು ಸರಿಯಲ್ಲ.

‘ಯಾರೂ ನೋಡಿಲ್ಲ’ ಎಂಬ ವಾದ ಹೊಸದಲ್ಲ. 2018ರ ಜನವರಿಯಲ್ಲಿ ಔರಂಗಾಬಾದಿನಲ್ಲಿ ಅಂದಿನ ಕೇಂದ್ರ ರಾಜ್ಯ ಸಚಿವರೊಬ್ಬರು ಇದನ್ನೇ ಹೇಳಿದ್ದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಿಕೆ ನೀಡಿ ಅದನ್ನು ಅಲ್ಲಗಳೆದವು. ಪಠ್ಯದಿಂದ ವಿಕಾಸವಾದವನ್ನು ತೆಗೆಯುವುದು ಹಿಂದಕ್ಕೆ ಹೆಜ್ಜೆಯಿಟ್ಟಂತೆ ಎಂದೂ ಹೇಳಿದವು. ಆ ಸಚಿವರು ಹಿಂದೆ ಇದೇ ಮುಂಬಯಿಯ ಪೊಲೀಸ್ ಆಯುಕ್ತರಾಗಿದ್ದವರು. ಕಣ್ಣಾರೆ ಕಾಣದ ಕೃತ್ಯವನ್ನು ಉಳಿದ ಸಾಕ್ಷ್ಯಗಳಿಂದ ಪತ್ತೆಹಚ್ಚುವುದೇ ಆ ಇಲಾಖೆಯ ಕಸುಬಲ್ಲವೇ? ಅದಿರಲಿ. ಮನುಷ್ಯ ಇಂದಿನ ಕೋತಿಯಿಂದ ಹುಟ್ಟಿದನೆಂದು ವಿಜ್ಞಾನ ಹೇಳುತ್ತಲೇ ಇಲ್ಲ. ಮನುಷ್ಯನಿಗೂ ಚಿಂಪಾಂಜಿಗೂ ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಒಂದೇ ಪೂರ್ವಜ ಕುಲವಿತ್ತು, ಅಲ್ಲಿಂದ ಎರಡು ಕವಲಾಯಿತು ಎನ್ನುತ್ತದೆ. ಸಾಕ್ಷ್ಯ ಹುಡುಕಲು ದೂರ ಹೋಗಬೇಕಾಗಿಲ್ಲ. ಅನುವಂಶೀಯ ಗುಣಗಳನ್ನು ಹೊರುವ ಎಳೆಗಳಾದ ವರ್ಣತಂತುಗಳು ಚಿಂಪಾಂಜಿಗೆ 24 ಜೊತೆ, ನಮಗೆ 23. ನಮ್ಮ ಎರಡನೆಯ ವರ್ಣತಂತುವನ್ನು ಬಿಡಿಸಿ ಓದಿದಾಗ, ಅದು ಎರಡು ವರ್ಣತಂತುಗಳು ತುದಿಗೆ ತುದಿ ಬೆಸೆದು ಆದದ್ದೆಂಬ ಗುರುತು ಮಧ್ಯದಲ್ಲೇ ಸಿಕ್ಕಿತು. ನಮ್ಮೊಬ್ಬೊಬ್ಬರ ಜೀವಕೋಶಗಳಲ್ಲೂ ಆ ಬೆಸುಗೆ ಇದೆ.

ಕಾರ್ಬನ್ ವಿಷಯದಲ್ಲಿ ಅತಿಥಿಗಳು ತಿಳಿಯದೆ ಮಾತನಾಡಿದರು. ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಅದರ ಅರ್ಧ ಪಾಲು ಕ್ಷಯಿಸಲು ಬೇಕಾಗುವ ಕಾಲ, 5,730 ವರ್ಷ. ಸುಮಾರು 50 ಸಾವಿರ ವರ್ಷಗಳಿಗಿಂತ ಹಳೆಯ ವಸ್ತುವಿಗೆ ಅದನ್ನು ಬಳಸುವುದೇ ಇಲ್ಲ. ಕೋಟಿಗಟ್ಟಲೆ ವರ್ಷಗಳ ಪಳೆಯುಳಿಕೆಗೆ ಅದರ ಮೇಲಿನ, ಕೆಳಗಿನ ಬಂಡೆಯ ಪದರಗಳಲ್ಲಿರುವ ಪೊಟ್ಯಾಶಿಯಂ, ಆರ್ಗಾನ್‌ಗಳ ಪ್ರಮಾಣದಿಂದ ಕಾಲ ನಿರ್ಣಯಿಸುತ್ತಾರೆ. ಇದಕ್ಕೂ ಮುಂಬಯಿಯಲ್ಲೇ ಉದಾಹರಣೆಯಿದೆ. ನಮ್ಮ ನಗರ ಕುಳಿತಿರುವುದು ಡೆಕ್ಕನ್ ಲಾವಾ ಹರಿದು ಗಟ್ಟಿಯಾದ ಕಪ್ಪು ಬಸಾಲ್ಟ್ ಶಿಲೆಯ ಮೇಲೆ. ಅಂಧೇರಿಯ ಗಿಲ್ಬರ್ಟ್ ಹಿಲ್ ಅದರದೇ ಒಂದು ಕಂಬ. ಒಂದು ಲಾವಾ ಹರಿವಿಗೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ನೀರು ನಿಂತು ಕೆಸರಾಗಿ, ಆ ಕೆಸರು ಪದರದಲ್ಲಿ ಸಿಕ್ಕಿಬಿದ್ದ ಸಣ್ಣ ಕಪ್ಪೆಗಳ ಪಳೆಯುಳಿಕೆ ವರ್ಲಿಯ ಗುಡ್ಡದಲ್ಲಿ ದೊರೆಯಿತು. 1847ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ರಿಚರ್ಡ್ ಓವನ್ ಅದನ್ನು ವರ್ಣಿಸಿದರು. ಈಗ ಅದನ್ನು ಇಂಡೋಬಟ್ರಾಕಸ್ ಎಂದು ಕರೆಯುತ್ತಾರೆ. ಡಾರ್ವಿನ್ನರ ಪುಸ್ತಕ ಬಂದದ್ದು 1859ರಲ್ಲಿ, ಮತ್ತು ಓವನ್ ಮುಂದೆ ಡಾರ್ವಿನ್ನರ ಕಡು ಟೀಕಾಕಾರರಾದರು. ಅಂದರೆ ಆರು ಕೋಟಿ ವರ್ಷಗಳಿಗೂ ಹಿಂದಿನ ವರ್ಲಿಯ ಕಪ್ಪೆಯನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಡಾರ್ವಿನ್ನರ ಶಿಷ್ಯರೇನಲ್ಲ. ದಿನವೂ ವರ್ಲಿ ದಾಟಿ ಕೆಲಸಕ್ಕೆ ಹೋಗುವ ಪಾಲಕರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಗೊತ್ತಿಲ್ಲದಿರುವುದು ಅವರ ತಪ್ಪಲ್ಲ. ನಮಗೂ ಯಾವ ಶಾಲೆಯಲ್ಲೂ ಹೇಳಿರಲಿಲ್ಲ.

ದಶಾವತಾರದ ಮಾತಿಗೆ ಬಂದರೆ, ನಾನು ರಾತ್ರಿಯಿಡೀ ಕೂತು ಯಕ್ಷಗಾನ ನೋಡುವವನು. ಮತ್ಸ್ಯ, ಕೂರ್ಮ, ವರಾಹರಿಗೆ ಕೈಮುಗಿಯುವವನು. ಆ ಅವತಾರಗಳಿಗೆ ಜೀವಶಾಸ್ತ್ರದ ಪ್ರಮಾಣಪತ್ರ ಅಂಟಿಸಿ ಅವುಗಳ ಘನತೆ ಹೆಚ್ಚಿಸಬೇಕಾಗಿಲ್ಲ. ಅಲ್ಲಿ ಭಗವಂತ ಒಂದು ಉದ್ದೇಶವಿಟ್ಟುಕೊಂಡು ಇಳಿದು ಬರುತ್ತಾನೆ, ಕೆಲಸ ಮುಗಿಸಿ ಹೋಗುತ್ತಾನೆ. ನೈಸರ್ಗಿಕ ಆಯ್ಕೆಯಲ್ಲಿ ಉದ್ದೇಶವಿಲ್ಲ, ಮೆಟ್ಟಿಲಿಲ್ಲ, ಮೇಲಿನ ತುದಿಯಲ್ಲಿ ಮನುಷ್ಯ ಕಾಯುತ್ತ ನಿಂತಿಲ್ಲ. ಮೀನು ಇಂದಿಗೂ ಮೀನಾಗಿಯೇ ಸುಖವಾಗಿದೆ. ಎರಡನ್ನೂ ಒಂದೇ ಎಂದು ಕಲಿಸಿದರೆ ಮಗುವಿಗೆ ಪುರಾಣವೂ ದಕ್ಕುವುದಿಲ್ಲ, ವಿಜ್ಞಾನವೂ ದಕ್ಕುವುದಿಲ್ಲ.

ಇಷ್ಟಾದರೂ ಈ ಪತ್ರವನ್ನು ನಾನು ಬರೆಯುತ್ತಿರುವುದು ಕಪ್ಪೆಗಾಗಿಯೂ ಅಲ್ಲ, ಚಿಂಪಾಂಜಿಗಾಗಿಯೂ ಅಲ್ಲ. ವಿಕಾಸವೆಂದರೆ ಎಂದೋ ನಡೆದುಹೋದ, ಇಂದಿನ ಬದುಕಿಗೆ ಸಂಬಂಧವಿಲ್ಲದ ಕಥೆಯೆಂದು ತಾವು ತಿಳಿದಿರುವಂತಿದೆ. ನಾನಾದರೋ ಅದನ್ನು ಗಾಜಿನ ನಳಿಗೆಗಳಲ್ಲಿ ನೋಡುತ್ತಲೇ ಸಂಬಳ ಎಣಿಸಿದವನು.

ಕ್ಷಯದ ಕ್ರಿಮಿಯನ್ನು ಬೆಳೆಸಲು ಒಡೆದು ಕಲಕಿದ ಮೊಟ್ಟೆಗೆ ಹಸಿರು ಬಣ್ಣದ ಮಲಕೈಟ್ ಗ್ರೀನ್ ಸೇರಿಸಿ, ನಳಿಗೆಯಲ್ಲಿ ಓರೆಯಾಗಿ ಗಟ್ಟಿಗೊಳಿಸಿದ ಮಾಧ್ಯಮವನ್ನು ಬಳಸುತ್ತೇವೆ. ಒಂದು ನಳಿಗೆಯಲ್ಲಿ ಔಷಧವಿಲ್ಲ, ಪಕ್ಕದ್ದರಲ್ಲಿ ರಿಫಾಂಪಿಸಿನ್ ಎಂಬ ಕ್ಷಯದ ಔಷಧ ಬೆರೆಸಿರುತ್ತದೆ. ಒಬ್ಬನೇ ರೋಗಿಯ ಕ್ರಿಮಿಯನ್ನು ಎರಡಕ್ಕೂ ಹಾಕಿ ನಾಲ್ಕರಿಂದ ಆರು ವಾರ ಕಾಯಬೇಕು, ಯಾಕೆಂದರೆ ಈ ಕ್ರಿಮಿ ಒಮ್ಮೆ ಇಬ್ಭಾಗವಾಗಲು ಹತ್ತಿರಹತ್ತಿರ ಒಂದು ದಿನ ತೆಗೆದುಕೊಳ್ಳುತ್ತದೆ. ಔಷಧವಿಲ್ಲದ ನಳಿಗೆಯಲ್ಲಿ ಮಾಸಲು ಹಳದಿಯ ಒರಟು ಗುಳ್ಳೆಗಳು ನೂರಾರು ಏಳುತ್ತವೆ. ಔಷಧದ ನಳಿಗೆ ಸಾಮಾನ್ಯವಾಗಿ ಬೋಳಾಗಿಯೇ ಇರುತ್ತದೆ, ಕೆಲವೊಮ್ಮೆ ಒಂದೋ ಎರಡೋ ಗುಳ್ಳೆ. ನೂರಕ್ಕೆ ಒಂದು ಅಥವಾ ಅದಕ್ಕಿಂತ ಹೆಚ್ಚು ಬೆಳೆದರೆ ಆ ಔಷಧ ಆ ರೋಗಿಗೆ ಇನ್ನು ಉಪಯೋಗವಿಲ್ಲವೆಂದು ವರದಿ ಬರೆಯುತ್ತೇವೆ. ಮಾತ್ರೆಯನ್ನು ನಡುವೆ ಬಿಟ್ಟ ರೋಗಿ ಕೆಲವು ತಿಂಗಳ ಬಳಿಕ ಮತ್ತೆ ಕೆಮ್ಮುತ್ತ ಬಂದಾಗ ಅವನ ಎರಡೂ ನಳಿಗೆಗಳು ಒಂದೇ ರೀತಿ ತುಂಬಿಕೊಂಡಿದ್ದನ್ನು ನಾನು ಕಂಡಿದ್ದೇನೆ. ಕಪ್ಪು ಬಟ್ಟೆಯ ಮೇಲೆ ಉದ್ದು ತುಂಬಿಕೊಂಡದ್ದು ಬೇರೆಯಲ್ಲ, ಇದು ಬೇರೆಯಲ್ಲ.

ಕ್ಷಯಕ್ಕೆ ಮೂರು ನಾಲ್ಕು ಔಷಧಗಳನ್ನು ಒಟ್ಟಿಗೆ ಯಾಕೆ ಕೊಡುತ್ತಾರೆ ಎಂಬುದಕ್ಕೂ ಉತ್ತರ ಇದೇ ಪಾಠದಲ್ಲಿದೆ. ಬ್ರಿಟನ್ನಿನಲ್ಲಿ 1948ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗದಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ರೋಗಿಗಳು ಮೊದಮೊದಲು ಚೇತರಿಸಿಕೊಂಡರು, ಆದರೆ ತಿಂಗಳುಗಳೊಳಗೆ ಬಹುಪಾಲು ರೋಗಿಗಳಲ್ಲಿ ಆ ಔಷಧಕ್ಕೆ ಬಗ್ಗದ ಕ್ರಿಮಿಗಳು ಎದ್ದವು. ಲೆಕ್ಕ ಸರಳ. ಐಸೋನಿಯಾಜಿಡ್ ಎಂಬ ಇನ್ನೊಂದು ಔಷಧಕ್ಕೆ ಬಗ್ಗದ ಕ್ರಿಮಿ ಸುಮಾರು ಹತ್ತು ಲಕ್ಷಕ್ಕೊಂದು ಹುಟ್ಟಿನಿಂದಲೇ ಇರುತ್ತದೆ, ರಿಫಾಂಪಿಸಿನ್‌ಗೆ ಬಗ್ಗದ್ದು ಸುಮಾರು ಹತ್ತು ಕೋಟಿಗೊಂದು. ಶ್ವಾಸಕೋಶದ ಒಂದು ಕುಳಿಯಲ್ಲಿ ಹತ್ತು ಕೋಟಿ ಕ್ರಿಮಿಗಳಿರುವುದು ಅಪರೂಪವಲ್ಲ. ಒಂದೇ ಔಷಧ ಕೊಟ್ಟರೆ ಬದುಕುಳಿಯುವ ಕ್ರಿಮಿ ಇರುವ ಸಂಭವವೇ ಹೆಚ್ಚು. ಎರಡನ್ನೂ ಒಟ್ಟಿಗೆ ಕೊಟ್ಟರೆ ಎರಡಕ್ಕೂ ಬಗ್ಗದ ಕ್ರಿಮಿ ಕೋಟಿ ಕೋಟಿಗೊಂದು, ಅಷ್ಟು ಕ್ರಿಮಿಗಳು ಒಬ್ಬನ ಎದೆಯಲ್ಲಿ ಹಿಡಿಯುವುದೇ ಇಲ್ಲ. ಔಷಧಗಳನ್ನು ಒಟ್ಟಿಗೇ ಕೊಡುವ ಕಟ್ಟುಪಾಡು ನಿಂತಿರುವುದು ಈ ಲೆಕ್ಕದ ಮೇಲೆ. ರೋಗಿ ಸಿಕ್ಕಿದಾಗ ಸಿಕ್ಕಿದ ಮಾತ್ರೆ ನುಂಗಿದರೆ, ಅಥವಾ ಮೂಲೆಯ ಡಾಕ್ಟರರು ಅರ್ಧಂಬರ್ಧ ಚೀಟಿ ಬರೆದುಕೊಟ್ಟರೆ, ಕ್ರಿಮಿಗಳು ಒಂದೊಂದೇ ಔಷಧವನ್ನು ದಾಟುತ್ತ ಹೋಗುತ್ತವೆ. 2012ರ ಜನವರಿಯಲ್ಲಿ, ಪರೀಕ್ಷಿಸಿದ ಯಾವ ಔಷಧಕ್ಕೂ ಬಗ್ಗದ ಕ್ಷಯ ನಾಲ್ವರು ರೋಗಿಗಳಲ್ಲಿ ಕಂಡುಬಂದಿದೆಯೆಂಬ ಸುದ್ದಿ ದೇಶವನ್ನೇ ಬೆಚ್ಚಿಬೀಳಿಸಿತು. ಅದು ಬಂದದ್ದು ಮುಂಬಯಿಯಿಂದಲೇ.

ಇದನ್ನು ಕೇಳಿದವರು ಸಾಮಾನ್ಯವಾಗಿ ‘ಕ್ರಿಮಿಗೆ ಔಷಧ ಅಭ್ಯಾಸವಾಗಿಬಿಡುತ್ತದೆ’ ಎನ್ನುತ್ತಾರೆ. ಮೊಮ್ಮಗಳ ನೋಟುಬುಕ್ಕಿನಲ್ಲಿ ಗೈಡಿನಿಂದ ಇಳಿಸಿದ ಒಂದು ಉತ್ತರವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ: ಜೀವಿಗಳು ಅಗತ್ಯಕ್ಕೆ ತಕ್ಕಂತೆ ತಮ್ಮನ್ನು ಬದಲಾಯಿಸಿಕೊಳ್ಳುತ್ತವೆ. ಇದು ತಪ್ಪು, ಮತ್ತು ತಪ್ಪೆಂದು ತೋರಿಸಿದ ಪ್ರಯೋಗ ಬಹಳ ಸೊಗಸಾದದ್ದು. 1952ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಲೆಡರ್‌ಬರ್ಗ್ ದಂಪತಿ ಒಂದು ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾದ ಮೇಲೆ ಮಖಮಲ್ಲಿನ ಬಟ್ಟೆಯನ್ನು ಒತ್ತಿ, ಅದೇ ಬಟ್ಟೆಯನ್ನು ಔಷಧ ಬೆರೆಸಿದ ಹಲವು ತಟ್ಟೆಗಳಿಗೆ ಮುದ್ರೆಯೊತ್ತಿದಂತೆ ಒತ್ತಿದರು. ಪ್ರತಿ ತಟ್ಟೆಯಲ್ಲೂ ಬದುಕುಳಿದವು ಅದದೇ ಜಾಗದಲ್ಲಿ ಎದ್ದವು. ಮೂಲ ತಟ್ಟೆಯ ಆ ಜಾಗದಿಂದ ತೆಗೆದ, ಔಷಧದ ಸಂಪರ್ಕವೇ ಇಲ್ಲದ ಒಡಹುಟ್ಟುಗಳನ್ನು ಬೆಳೆಸುತ್ತ ಹೋದಾಗ ಅವೂ ಔಷಧಕ್ಕೆ ಬಗ್ಗಲಿಲ್ಲ. ಔಷಧ ಅವುಗಳನ್ನು ಬದಲಾಯಿಸಿರಲಿಲ್ಲ. ಮೊದಲೇ ಭಿನ್ನವಾಗಿದ್ದವನ್ನು ಆರಿಸಿತ್ತು ಅಷ್ಟೆ. ಈ ಒಂದು ಭೇದ ತಿಳಿಯದ ಹುಡುಗ ನಾಳೆ ನೆಗಡಿಗೂ ಮೆಡಿಕಲ್ ಅಂಗಡಿಯಿಂದ ಆಂಟಿಬಯೋಟಿಕ್ ಕೊಂಡು ಎರಡು ದಿನ ನುಂಗಿ ಬಿಡುತ್ತಾನೆ. ನಮ್ಮ ಶಾಲೆಯ ಮಕ್ಕಳು ಬರುವುದು ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಚಾಳುಗಳಿಂದ, ಗಾಳಿ ಆಡದ ಪುನರ್ವಸತಿ ಕಟ್ಟಡಗಳಿಂದ, ಹೋಟೆಲುಗಳ ಅಟ್ಟದಿಂದ. ಕ್ಷಯ ಮೊದಲು ಹುಡುಕುವ ವಿಳಾಸಗಳು ಅವು. ಯಾವ ಪಾಠ ಈ ಮಕ್ಕಳಿಗೆ ಹೆಚ್ಚು ಬೇಕಾಗಿತ್ತೋ ಅದನ್ನೇ ತಾವು ಬಿಟ್ಟಿದ್ದೀರಿ.

ಸಭೆಯ ನಂತರ ಖಾಸಗಿಯಾಗಿ ಮಾತನಾಡಿದಾಗ ಮುಖ್ಯೋಪಾಧ್ಯಾಯರು ‘ಕೇಂದ್ರದವರೇ ಹತ್ತನೆಯ ತರಗತಿಯಿಂದ ತೆಗೆದಿದ್ದಾರಲ್ಲ’ ಎಂದರು. ಕೇಂದ್ರದ ಪಠ್ಯಪುಸ್ತಕ ರೂಪಿಸುವ ಎನ್‌ಸಿಇಆರ್‌ಟಿ ತನ್ನ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಭಾಗ ತೆಗೆದದ್ದು ನಿಜ; 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಅದನ್ನು ಪ್ರತಿಭಟಿಸಿ ಸಹಿ ಹಾಕಿದ್ದೂ ನಿಜ. ಆದರೆ ಅದು ನಮ್ಮ ಪಠ್ಯವಲ್ಲ. ನಮ್ಮದು ರಾಜ್ಯ ಮಂಡಳಿಯ ಶಾಲೆ, ಮಕ್ಕಳ ಕೈಯಲ್ಲಿರುವ ಪುಸ್ತಕದಲ್ಲಿ ಪಾಠವಿದೆ, ಮಾರ್ಚಿನ ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಕೇಳುವ ಹಕ್ಕು ಮಂಡಳಿಗಿದೆ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಪ್ರಿಲಿಮ್ ಪರೀಕ್ಷೆಗೆ ಮೊದಲು ಈ ಪಾಠಕ್ಕೆ ಕನಿಷ್ಠ ನಾಲ್ಕು ಪೀರಿಯಡ್ ಮೀಸಲಿಟ್ಟು, ಪುಸ್ತಕದಲ್ಲಿರುವಂತೆ ಪೂರ್ತಿಯಾಗಿ ಕಲಿಸಲು ಶಿಕ್ಷಕಿಯವರಿಗೆ ಲಿಖಿತವಾಗಿ ತಿಳಿಸಬೇಕು. ಮಾತಿನಲ್ಲಿ ಹೇಳಿದರೆ ನಾಳೆ ಅದರ ಹೊಣೆ ಅವರೊಬ್ಬರ ತಲೆಗೆ ಬರುತ್ತದೆ. ಆ ಮೂವರು ವಿದ್ಯಾರ್ಥಿನಿಯರನ್ನು ಕರೆದು ಅವರ ಮಾದರಿಯನ್ನು ವಾರ್ಷಿಕೋತ್ಸವದ ದಿನ ಮತ್ತೆ ಇಡಿಸಬೇಕು, ಪ್ರಮಾಣಪತ್ರ ಕೊಡಬೇಕು. ಇನ್ನು ಮುಂದೆ ಪ್ರದರ್ಶನಕ್ಕೆ ಯಾವ ಮಾದರಿ ಇರಬೇಕು, ಯಾವುದು ಬೇಡ ಎಂಬುದನ್ನು ವಿಜ್ಞಾನ ಶಿಕ್ಷಕರೇ ತೀರ್ಮಾನಿಸಲಿ. ಅತಿಥಿಗಳು ಏನು ಬೇಕಾದರೂ ಮಾತನಾಡಲಿ, ಅವರ ಬಾಯಿ ಮುಚ್ಚಿಸುವ ಆಸೆ ನನಗಿಲ್ಲ. ಆದರೆ ಮಕ್ಕಳ ಮುಂದೆ ಪಠ್ಯಕ್ಕೆ ವಿರುದ್ಧವಾಗಿ ಮಾತನಾಡಿದವರು ಮಕ್ಕಳ ಪ್ರಶ್ನೆಗೆ ಅವಕಾಶ, ಹೊತ್ತು ಎರಡನ್ನೂ ಕೊಡಬೇಕು.

ಶಾಲೆ ಒಪ್ಪಿದರೆ ಎರಡು ಶನಿವಾರ ಬಂದು ಔಷಧವಿರುವ, ಇಲ್ಲದ ನಳಿಗೆಗಳ ಛಾಯಾಚಿತ್ರಗಳನ್ನು ತೋರಿಸಿ ವಿವರಿಸಲು ನಾನು ಸಿದ್ಧ (ಜೀವಂತ ಕ್ರಿಮಿಯನ್ನು ತರುವುದಿಲ್ಲ, ಪಾಲಕರು ಗಾಬರಿಯಾಗಬಾರದು). ಸಂಭಾವನೆ ಬೇಡ, ಬಸ್ಸಿನ ಖರ್ಚೂ ಬೇಡ. ಒಂದು ರವಿವಾರ ಮಕ್ಕಳನ್ನು ಗಿಲ್ಬರ್ಟ್ ಹಿಲ್‌ಗೆ ಕರೆದೊಯ್ಯಲು ಇನ್ನಿಬ್ಬರು ಪಾಲಕರು ಆಗಲೇ ಒಪ್ಪಿದ್ದಾರೆ.

ಮುಂದಿನ ಪಾಲಕರ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದೂ ಅದಕ್ಕೆ ಮುನ್ನ ಲಿಖಿತ ಉತ್ತರ ದಯಪಾಲಿಸಬೇಕೆಂದೂ ಕೋರುತ್ತೇನೆ. ನನ್ನ ಹಿಂದಿನ ಮನವಿಯ ಪ್ರತಿ ತಮ್ಮ ಕಚೇರಿಯ ಆವಕ ಕಡತದಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ಹಳೆ ವಿದ್ಯಾರ್ಥಿ ಹಾಗೂ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ಪಾಲಕ,
ಮುಂಬಯಿ